ತೆಳ್ಳನೆಯ ನೀರು

ಬಸ್ಸಿನಲ್ಲಿ ಹುಡುಗಿಯೊಬ್ಬಳು ಎದ್ದು ಜಾಗ ಬಿಟ್ಟುಕೊಟ್ಟದ್ದು ಅಂದು ಮುಖಿತ್‌ನನ್ನು ಚುಚ್ಚಿತು. ಹಿರಿಯರು ಹತ್ತಿದರೆ ಕಿರಿಯರು ಏಳುವುದು ಅಲ್ಮಾಟಿಯಲ್ಲಿ ದಿನನಿತ್ಯದ ಸಂಗತಿ. ತಲೆ ನರೆತಂದಿನಿಂದ ಅವನೂ ಆ ಮರ್ಯಾದೆಯನ್ನು ತಕರಾರಿಲ್ಲದೆ ಸ್ವೀಕರಿಸುತ್ತ ಬಂದಿದ್ದ. ಆದರೆ ಈ ಹುಡುಗಿ ಅವನ ಮುಖವನ್ನೂ ನೋಡಲಿಲ್ಲ. ಕಿವಿಗೆ ಸಿಕ್ಕಿಸಿಕೊಂಡ ಹಾಡನ್ನು ಕೇಳುತ್ತಲೇ, ದಾರಿಗೆ ಅಡ್ಡವಿದ್ದ ಚೀಲವನ್ನು ಸರಿಸುವಷ್ಟು ಸಹಜವಾಗಿ ಎದ್ದು ಪಕ್ಕಕ್ಕೆ ನಿಂತಳು. ಸೀಟು ಇನ್ನೂ ಬೆಚ್ಚಗಿತ್ತು. ಅದರ ಮೇಲೆ ಕೂತಾಗ ತಾನು ಯಾರದೋ ಜಾಗದಲ್ಲಿ ಕೂತಿದ್ದೇನೆ ಎನ್ನಿಸಿತು, ಅಥವಾ ತನ್ನ ಜಾಗದಲ್ಲಿ ಈಗಾಗಲೇ ಯಾರೋ ಕೂತು ಎದ್ದಿದ್ದಾರೆ ಎಂದು. ಕಿಟಕಿಯಾಚೆ ಬೆಟ್ಟಗಳು ಸ್ಪಷ್ಟವಾಗಿದ್ದವು, ಹಿಮ ಎಂದಿಗಿಂತ ಮೇಲಕ್ಕೆ ಸರಿದಿತ್ತು. ಬೆಳಿಗ್ಗೆಯೇ ಇಷ್ಟು ಸೆಕೆ. ಮೇಲಿನ ಸರೋವರಕ್ಕೆ ಇವತ್ತು ಇನ್ನಷ್ಟು ನೀರು ಇಳಿಯುತ್ತದೆ ಎಂದು ಅಭ್ಯಾಸಬಲದಿಂದ ಯೋಚಿಸಿದ. ಆ ಯೋಚನೆಯ ಬೆನ್ನಿಗೇ ನಿನ್ನೆಯ ಸಭೆಯಲ್ಲಿ ಆಡಿದ ತನ್ನದೇ ಮಾತು ಬಂದು ಪಕ್ಕದಲ್ಲಿ ಕೂತಿತು: ‘ಬೇಗ ಹುಟ್ಟಿತು ಅಂತ ಸುಳ್ಳು ನಿಜ ಆಗಲ್ಲಮ್ಮ.’

ಎಲ್ಲರೂ ನಕ್ಕಿದ್ದರು. ಕಮ್ಶತ್ ಮಾತ್ರ ನಕ್ಕಿರಲಿಲ್ಲ. ಕಣ್ಣು ತಗ್ಗಿಸಿ ಪೆನ್ನಿನ ಮುಚ್ಚಳವನ್ನು ತಿರುವುತ್ತ ಕೂತಿದ್ದಳು. ಹಿಮನದಿ ಕರಗಿ ಬೆಟ್ಟದ ನೆತ್ತಿಯಲ್ಲಿ ನಿಂತ ಸರೋವರ ಒಡೆದರೆ ಕೆಸರಿನ ಪ್ರವಾಹ ಯಾವ ದಾರಿ ಹಿಡಿಯುತ್ತದೆ, ಎಷ್ಟು ಎತ್ತರ ಏರುತ್ತದೆ, ಯಾವ ಮನೆಗೆ ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ಲೆಕ್ಕ ಹಾಕುವುದು ಅವರ ಕಚೇರಿಯ ಕೆಲಸ. ಆ ಲೆಕ್ಕದ ಪ್ರೋಗ್ರಾಮ್ ಬರೆದವನು ಮುಖಿತ್. ಹರೆಯದಲ್ಲಿ ಬರೆದ ಅದು ಇನ್ನೂ ಓಡುತ್ತಿತ್ತು, ಒಂದೇ ಗಣಕಯಂತ್ರದ ಮೇಲೆ, ಬೆಳಗಿನಿಂದ ಸಂಜೆಯವರೆಗೆ. ಸಂಜೆ ಉತ್ತರ ಬರುವ ಹೊತ್ತಿಗೆ ಬೆಳಗಿನ ಪ್ರಶ್ನೆಯೇ ಬದಲಾಗಿರುತ್ತಿತ್ತು. ಸರೋವರ ಅಷ್ಟರಲ್ಲಿ ಏರಿರುತ್ತಿತ್ತು ಅಥವಾ ಇಳಿದಿರುತ್ತಿತ್ತು. ಇದು ಎಲ್ಲರಿಗೂ ಗೊತ್ತಿದ್ದ ಕುಂದು. ವಯಸ್ಸಾದ ನೆಂಟನ ಕಿವುಡಿನಂತೆ ಎಲ್ಲರೂ ಅದಕ್ಕೆ ಹೊಂದಿಕೊಂಡಿದ್ದರು. ಹೋದ ಚಳಿಗಾಲದಲ್ಲಿ ಕೆಲಸಕ್ಕೆ ಸೇರಿದ ಕಮ್ಶತ್ ಮಾತ್ರ ಹೊಂದಿಕೊಳ್ಳಲಿಲ್ಲ. ಕಣಿವೆಯ ನಕ್ಷೆಯನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡನ್ನು ಒಂದೊಂದು ಯಂತ್ರಕ್ಕೆ ಕೊಟ್ಟು, ಎಲ್ಲವೂ ಒಟ್ಟಿಗೆ ಲೆಕ್ಕ ಮಾಡುವಂತೆ ಹೊಂದಿಸಿದಳು. ಯಂತ್ರಗಳನ್ನು ಕೊಳ್ಳಲೂ ಇಲ್ಲ. ನಗರದ ಆಚೆ ತುದಿಯ ತಾಂತ್ರಿಕ ಕಾಲೇಜಿನಲ್ಲಿ ಬೇಸಿಗೆ ರಜೆಗೆ ಬೀಗ ಹಾಕಿದ ಕೊಠಡಿಗಳಲ್ಲಿ ಸುಮ್ಮನೆ ಕೂತಿದ್ದ ಯಂತ್ರಗಳನ್ನು ಕೇಳಿ ಪಡೆದಳು. ನಿನ್ನೆ ಸಭೆಯಲ್ಲಿ ಅವಳು ಓಡಿಸಿ ತೋರಿಸಿದಾಗ, ಸುರಿದಿಟ್ಟ ಚಹಾ ಆರುವ ಮೊದಲೇ ಉತ್ತರ ಬಂತು. ಆದರೆ ಬಂದದ್ದು ಬೇರೆ ಉತ್ತರ. ಮುಖಿತ್‌ನ ಲೆಕ್ಕದಲ್ಲಿ ಪ್ರವಾಹವೆಲ್ಲ ಅಕ್‌ತಾಸ್ ನದಿಯ ಪಾತ್ರದಲ್ಲೇ ಇಳಿಯುತ್ತಿತ್ತು; ಅವಳ ಲೆಕ್ಕದಲ್ಲಿ ಒಂದು ಕವಲು ಎಡಕ್ಕೆ ಹೊರಳಿ ಇತ್‌ಮುರಿನ್ ಕೊರಕಲಿಗೆ ನುಗ್ಗಿತ್ತು. ನಿರ್ದೇಶಕ ಯೆರ್ಮೆಕ್ ಯಾವುದು ಸರಿ ಎಂದು ಕೇಳಿದ. ಆಗಲೇ ಮುಖಿತ್ ಆ ಮಾತು ಆಡಿದ್ದು.

ಹೊಸದೇನೂ ಅಲ್ಲ. ಅವಳು ಬತ್ತಿಹೋದ ಅರಾಲ್ ಸಮುದ್ರದ ಕಡೆಯವಳು ಎಂದು ತಿಳಿದ ದಿನವೇ, ಸಮುದ್ರ ಕಳಕೊಂಡ ಊರಿನವಳು ನಮಗೆ ನೀರಿನ ಪಾಠ ಹೇಳೋಕೆ ಬಂದಿದಾಳೆ ಎಂದು ಊಟದ ಕೋಣೆಯಲ್ಲಿ ಅಂದಿದ್ದ. ಅವಳು ಬಾಗಿಲಲ್ಲೇ ತಟ್ಟೆ ಹಿಡಿದು ನಿಂತಿದ್ದಳೋ ಇಲ್ಲವೋ ಎಂಬುದು ಅವನಿಗೆ ಇಂದಿಗೂ ಖಾತ್ರಿಯಿಲ್ಲ. ನಿನ್ನೆ ಸಂಜೆ ಗೆದ್ದ ಸಂತೋಷದಲ್ಲಿ ಮನೆಗೆ ಹೋದ. ಆದರೆ ಮಾಂಸದ ತಟ್ಟೆಯನ್ನು ಮುಟ್ಟದೆ ಕೂತ. ಹೆಂಡತಿ ರೌಶನ್ ಸ್ವಲ್ಪ ಹೊತ್ತು ನೋಡಿ, ಗೆದ್ದವರ ಮುಖ ಹೀಗಿರುತ್ತಾ ಎಂದಷ್ಟೇ ಕೇಳಿ ತಟ್ಟೆ ಎತ್ತಿಕೊಂಡು ಹೋದಳು. ಗೆದ್ದವರ ಮುಖ ಹೇಗಿರುತ್ತದೆ ಎಂದು ಅವನು ಬಸ್ಸಿನ ಕಿಟಕಿಯ ಗಾಜಿನಲ್ಲಿ ನೋಡಿಕೊಂಡ. ಅಲ್ಲಿ ಕಂಡದ್ದು, ಯಾರಾದರೂ ತನ್ನನ್ನು ಏನಾದರೂ ಕೇಳಿಬಿಡುತ್ತಾರೋ ಎಂದು ಅಂಜಿ ಕೂತವನ ಮುಖ.

ಕಚೇರಿಯಲ್ಲಿ ಅವನು ಕಿಟಕಿಯ ಪರದೆ ಎಳೆದು ಕೂತ ಸ್ವಲ್ಪ ಹೊತ್ತಿಗೆ ಕಮ್ಶತ್ ಬಂದಳು. ಕೈಯಲ್ಲಿ ಹಾಲಿನ ಚಹಾದ ಕೆಟಲು, ಎರಡು ಬಟ್ಟಲು. ಅವನ ಮುಂದಿಟ್ಟ ಬಟ್ಟಲಿಗೆ ಅರ್ಧಕ್ಕಿಂತ ಕಡಿಮೆ ಸುರಿದಳು. ತುಂಬಿಸಿ ಕೊಟ್ಟರೆ ಕುಡಿದು ಹೊರಡು ಎಂದರ್ಥ. ಇವಳು ಹಿರಿಯರಿಗೆ ಸುರಿಯುವಂತೆ, ಮತ್ತೆ ಮತ್ತೆ ಸುರಿಯುವ ಮನಸ್ಸಿರುವವಳಂತೆ ಸುರಿದಿದ್ದಳು. ನಿನ್ನೆ ಅಷ್ಟು ಜನರ ಮುಂದೆ ನಗೆಪಾಟಲಾದವಳು ಇವತ್ತು ಚಹಾ ತರುವುದೆಂದರೆ, ಅದರ ಹಿಂದೆ ಏನೋ ಇರಬೇಕು ಎಂದು ಮುಖಿತ್ ಮೈಯೆಲ್ಲ ಬಿಗಿಹಿಡಿದುಕೊಂಡ.

“ಅಗಾಯ್, ಒಂದು ವಿಷಯ ಕೇಳ್ಬೇಕಿತ್ತು. ಬಾಗಿಲು ಹಾಕ್ಲಾ?” ಎಂದಳು. ಕಿರಿಯರು ಹಿರಿಯರನ್ನು ಕರೆಯುವ ಆ ‘ಅಗಾಯ್’ ಅವಳ ಬಾಯಲ್ಲಿ ಎಂದಿನಂತೆಯೇ ಇತ್ತು, ವ್ಯಂಗ್ಯ ಇರಲಿಲ್ಲ.

ಅವಳು ಒಂದು ಹಾಳೆಯನ್ನು ಮೇಜಿನ ಮೇಲಿಟ್ಟಳು. ಅವನದೇ ಪ್ರೋಗ್ರಾಮಿನ ಕೆಲವು ಸಾಲುಗಳು. ಎಷ್ಟೋ ವರ್ಷಗಳಿಂದ ಅವನು ಅವನ್ನು ತೆರೆದು ನೋಡಿರಲಿಲ್ಲ. ಕಟ್ಟಿಸಿದ ಮನೆಯ ಅಡಿಪಾಯವನ್ನು ಯಾರು ಅಗೆದು ನೋಡುತ್ತಾರೆ? ಓದುತ್ತ ಹೋದಂತೆ ಮೊದಲು ನೆನಪಾದದ್ದು ಲೆಕ್ಕವಲ್ಲ, ಚಳಿ. ಹಳೆಯ ದೇಶ ಮುರಿದುಬಿದ್ದ ಮೇಲಿನ ಚಳಿಗಾಲಗಳು. ಕಟ್ಟಡದ ಬಿಸಿನೀರಿನ ಕೊಳವೆಗಳು ತಣ್ಣಗಾಗಿ, ಎಲ್ಲರೂ ಕೋಟು ಟೊಪ್ಪಿಗೆಗಳಲ್ಲೇ ಕೂತು ಕೆಲಸ ಮಾಡುತ್ತಿದ್ದ ದಿನಗಳು. ಇಡೀ ಸಂಸ್ಥೆಗೆ ಒಂದೇ ಯಂತ್ರ. ಅದಕ್ಕೂ ಸರದಿ, ಸರದಿ ಬಂದಾಗ ಕರೆಂಟು ಹೋಗುವುದು. ಬೆರಳುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಿಸಿ ಮಾಡಿಕೊಂಡು ಮತ್ತೆ ಕೀಲಿಗಳ ಮೇಲೆ ಇಡುತ್ತಿದ್ದ. ಯಂತ್ರಕ್ಕೆ ಇಡೀ ಕಣಿವೆಯ ನೀರನ್ನು ಹೊರುವ ಶಕ್ತಿ ಇರಲಿಲ್ಲ. ಲೆಕ್ಕ ಅರ್ಧಕ್ಕೆ ಬರುವಷ್ಟರಲ್ಲಿ ಸರದಿ ಮುಗಿಯುತ್ತಿತ್ತು. ಆಗ ಅವನಿಗೊಂದು ಉಪಾಯ ಹೊಳೆದಿತ್ತು. ನಕ್ಷೆಯ ಯಾವುದೇ ಚೌಕದಲ್ಲಿ ನೀರು ಬೆರಳ ಗಿಣ್ಣಿಗಿಂತ ತೆಳ್ಳಗಿದ್ದರೆ ಅದನ್ನು ಒಣ ನೆಲ ಎಂದೇ ಎಣಿಸಿ ಬಿಟ್ಟುಬಿಡುವುದು. ಹಾಗೆ ಬಿಟ್ಟ ನೀರನ್ನೆಲ್ಲ ಕೂಡಿಸಿ ಮುಖ್ಯ ನದಿಗೆ ಸೇರಿಸಿಬಿಡುವುದು, ಒಟ್ಟು ಮೊತ್ತ ತಪ್ಪಬಾರದಲ್ಲ. ತೆಳ್ಳನೆಯ ನೀರು ಯಾರನ್ನು ಮುಳುಗಿಸುತ್ತದೆ? ಯಂತ್ರದ ಹೊರೆ ಅರ್ಧಕ್ಕಿಳಿಯಿತು. ಕರೆಂಟು ಹೋಗುವ ಮೊದಲೇ ಉತ್ತರ ಬಂತು. ಆಗಿನ ಮುಖ್ಯಸ್ಥ ಅವನನ್ನು ಕೋಟಿನ ಸಮೇತ ತಬ್ಬಿಕೊಂಡು ಬೆನ್ನು ತಟ್ಟಿದ್ದ. ತನ್ನ ಜೀವನದಲ್ಲಿ ತಾನು ನಿಜವಾಗಿ ಬುದ್ಧಿವಂತನೆನ್ನಿಸಿದ ದಿನ ಅದೊಂದೇ ಇರಬೇಕು. ಆಮೇಲೆ ಹೊಸ ಯಂತ್ರಗಳು ಬಂದವು, ಬಿಸಿನೀರಿನ ಕೊಳವೆಗಳು ಬೆಚ್ಚಗಾದವು, ಕಣಿವೆಯ ನಕ್ಷೆ ಇನ್ನಷ್ಟು ಸಣ್ಣ ಚೌಕಗಳಾಗಿ ಬೆಳೆಯಿತು. ಆ ಸಾಲುಗಳು ಅಲ್ಲಿಯೇ ಉಳಿದವು. ಅವನು ಮರೆತ.

“ಇದನ್ನ ಯಾಕೆ ಹಾಗೆ ಬರೆದ್ರಿ ಅಂತ ನಂಗೆ ಗೊತ್ತಾಗ್ಲಿಲ್ಲ. ಗೊತ್ತಾಗದೆ ಕಿತ್ತು ಹಾಕಬಾರದು ಅನ್ನಿಸ್ತು,” ಎಂದಳು ಕಮ್ಶತ್. ಅವಳು ನಿಧಾನವಾಗಿ ವಿವರಿಸಿದಳು. ನಕ್ಷೆಯನ್ನು ತುಂಡು ಮಾಡಿದ ಮೇಲೆ ಪ್ರತಿ ಯಂತ್ರಕ್ಕೂ ಗೊತ್ತಿರುವುದು ತನ್ನ ತುಂಡು ಮತ್ತು ಅಕ್ಕಪಕ್ಕದವರ ಅಂಚು, ಅಷ್ಟೇ. ಇಡೀ ಕಣಿವೆಯ ಮೊತ್ತ ಯಾರಿಗೂ ಗೊತ್ತಿರುವುದಿಲ್ಲ, ಆದ್ದರಿಂದ ಬಿಟ್ಟ ನೀರನ್ನು ದೂರದ ನದಿಗೆ ಒಯ್ದು ಸುರಿಯುವವರಿಲ್ಲ. ಆ ನಿಯಮವನ್ನು ಅವಳು ಸುಮ್ಮನೆ ಕೈಬಿಟ್ಟಿದ್ದಳು; ಅಷ್ಟು ಯಂತ್ರಗಳಿರುವಾಗ ತೆಳ್ಳನೆಯ ನೀರನ್ನೂ ಹೊರಬಹುದಿತ್ತು. ಉತ್ತರ ಬೇರೆ ಬಂದಾಗ ತಪ್ಪು ತನ್ನದೇ ಎಂದುಕೊಂಡು ವಾರಗಟ್ಟಲೆ ಹುಡುಕಿದಳಂತೆ. ಕೊನೆಗೆ ಹಟಕ್ಕೆ ಬಿದ್ದು ಆ ನಿಯಮವನ್ನು ಹೇಗೋ ಮತ್ತೆ ಸೇರಿಸಿ ಓಡಿಸಿದಾಗ, ಅವಳ ಉತ್ತರವೂ ಅವನ ಉತ್ತರವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿಕೊಂಡವು.

ಮುಖಿತ್‌ನ ಕಣ್ಣು ಗೋಡೆಯ ಮೇಲಿದ್ದ ಕಣಿವೆಯ ನಕ್ಷೆಯ ಒಂದೇ ಜಾಗಕ್ಕೆ ಹೋಯಿತು. ಅಕ್‌ತಾಸ್ ಕಿರಿದಾಗಿ ತಿರುಗುವಲ್ಲಿ ಎಡದಂಡೆ ಕುದುರೆಯ ಬೆನ್ನಿನ ತಡಿಯಂತೆ ತಗ್ಗಿತ್ತು. ಪ್ರವಾಹ ಅಲ್ಲಿ ಉಕ್ಕಿದರೆ ಮೊದಲು ಆ ತಡಿಯನ್ನು ದಾಟುವುದು ತೆಳ್ಳನೆಯ ನೀರೇ. ಮೊದಲು ಬರುವುದು ಯಾವಾಗಲೂ ತೆಳ್ಳಗೇ ಬರುತ್ತದೆ. ಅದು ದಾಟಿದ ಪ್ರತಿ ಗಳಿಗೆಯೂ ಅವನ ಪ್ರೋಗ್ರಾಮ್ ಅದನ್ನು ಒರೆಸಿ, ಎತ್ತಿ, ನದಿಗೆ ಹಿಂದಿರುಗಿಸಿತ್ತು. ಒಂದೇ ಒಂದು ಸಲವೂ ಅದನ್ನು ದಪ್ಪವಾಗಲು ಬಿಟ್ಟಿರಲಿಲ್ಲ. ಆದ್ದರಿಂದಲೇ ಇತ್‌ಮುರಿನ್ ಕೊರಕಲು ಅವನ ನಕ್ಷೆಗಳಲ್ಲಿ ಯಾವಾಗಲೂ ಒಣಗಿತ್ತು. ಆ ಕೊರಕಲಿನಲ್ಲಿ ಅವನ ಅಕ್ಕ ಕುಲ್ಯಾಶ್ ಮನೆ ಕಟ್ಟಿಕೊಂಡಿದ್ದಳು. ಭಾವ ತೀರಿಕೊಂಡ ವರ್ಷ, ನಗರದ ಮನೆಯ ಗೋಡೆಗಳು ತಿನ್ನಲು ಬರುತ್ತವೆ, ನಾಲ್ಕು ಗಿಡ ನಾಲ್ಕು ಕೋಳಿ ಬೇಕು ಎಂದು ಅವಳು ಜಾಗ ಹುಡುಕುತ್ತಿದ್ದಾಗ ಅವನನ್ನೇ ಕೇಳಿದ್ದಳು: ನೀರಿನ ದಾರಿ ಓದಿದೋನು ನೀನು, ನೀನೇ ಹೇಳು. ಅವನು ಒಂದು ದಿನವಿಡೀ ಯಂತ್ರ ಓಡಿಸಿ, ಸಂಜೆ ಅವಳಿಗೆ ಹೇಳಿದ್ದ: ಅಲ್ಲಿಗೆ ಒಂದು ಲೋಟ ನೀರೂ ಬರಲ್ಲ ಅಕ್ಕ. ಅವಳನ್ನು ನೋಡಿ ಇನ್ನೂ ಐದಾರು ಮನೆಗಳು ಎದ್ದವು. ಕುದುರೆ ಹಾಲಿನ ಅಂಗಡಿಯವನೊಬ್ಬ ಬೇಸಿಗೆಯಲ್ಲಿ ಅಲ್ಲಿಯೇ ಗುಡಾರ ಹಾಕತೊಡಗಿದ. ಇದೆಲ್ಲ ಕಮ್ಶತ್‌ಗೆ ಗೊತ್ತಿರಲಿಲ್ಲ. ಅವಳು ಬಟ್ಟಲಿಗೆ ಮತ್ತೆ ಸ್ವಲ್ಪವೇ ಚಹಾ ಸುರಿದಳು. ಕುಡಿಯದಿದ್ದರೆ ಅವಳು ಏನಾದರೂ ತಿಳಿದುಕೊಂಡಾಳೆಂದು ಅವನು ಕುಡಿದ.

“ಇದು ನಿಂಗೆ ನಿನ್ನೆ ಸಭೇಗೆ ಮುಂಚೇನೇ ಗೊತ್ತಿತ್ತಾ?” ಎಂದು ಕೇಳಿದ.

“ಗೊತ್ತಿತ್ತು.”

“ಮತ್ತೆ ಯಾಕೆ ಸುಮ್ಮನಿದ್ದೆ? ನಾನು ಅಷ್ಟು ಅಂದಾಗ್ಲೂ?”

ಅವಳು ಪರದೆಯ ಕಡೆ ನೋಡಿದಳು. “ನಿಮ್ಮನ್ನ ಒಂದು ಮಾತು ಕೇಳದೆ, ಅಷ್ಟು ಜನರ ಮುಂದೆ ಹೇಗೆ ಹೇಳೋದು ಅಗಾಯ್. ನೀವು ಇದನ್ನ ಬರೆದಾಗ ಏನು ಕಷ್ಟ ಇತ್ತೋ. ನಂಗೆ ನಲವತ್ತು ಯಂತ್ರ ಸಿಕ್ತು. ನಿಮಗೆ ಒಂದೂ ನೆಟ್ಟಗೆ ಸಿಕ್ಕಿರಲ್ಲ.”

ಬೈದಿದ್ದರೆ ಮುಖಿತ್ ತಡೆದುಕೊಳ್ಳುತ್ತಿದ್ದ. ಇಷ್ಟು ವರ್ಷಗಳಲ್ಲಿ ಆ ಚಳಿಗಾಲದ ಬಗ್ಗೆ ಅವನನ್ನು ಯಾರೂ ಕೇಳಿರಲಿಲ್ಲ, ಮಕ್ಕಳೂ ಕೇಳಿರಲಿಲ್ಲ. ಈ ಹುಡುಗಿ ಕೆಲವು ಸಾಲು ಓದಿ ಅದನ್ನು ಕಂಡುಕೊಂಡಿದ್ದಳು. ಅವಮಾನಕ್ಕೆಂದು ಒಡ್ಡಿಕೊಂಡಿದ್ದ ಜಾಗದಲ್ಲಿ ಬೇರೇನೋ ಬಂದು ತಾಗಿತು. ಅದಕ್ಕೆ ಏನು ಹೆಸರು ಎಂದು ಹೊಳೆಯುವಷ್ಟರಲ್ಲಿ ಕಾರಿಡಾರಿನಲ್ಲಿ ಓಡುವ ಹೆಜ್ಜೆಗಳು ಕೇಳಿದವು.

ಯೆರ್ಮೆಕ್ ಬಾಗಿಲು ತಟ್ಟದೆ ಒಳಗೆ ಬಂದ. ಮೇಲಿನ ಸರೋವರದ ಕಾವಲು ಗುಡಿಸಲಿನಲ್ಲಿದ್ದ ಗ್ಲೆಬ್ ರೇಡಿಯೊದಲ್ಲಿ ಹೇಳಿದ್ದ: ನೀರು ಬೆಳಗಿನಿಂದ ಒಂದೇ ಸಮ ಏರುತ್ತಿದೆ, ಹಿಮನದಿ ಬಿಟ್ಟುಹೋದ ಕಲ್ಲುಮಣ್ಣಿನ ಕಟ್ಟೆಯ ಬುಡದಲ್ಲಿ ಜಿನುಗುತ್ತಿದ್ದ ತಿಳಿನೀರು ಈಗ ಕೆಂಪಗೆ ಬರುತ್ತಿದೆ. ತಿಳಿಯಾಗಿ ಜಿನುಗುವ ಕಟ್ಟೆ ಬದುಕಿರುತ್ತದೆ, ಕೆಸರಾಗಿ ಜಿನುಗುವ ಕಟ್ಟೆ ಒಳಗಿನಿಂದ ಕೊಚ್ಚಿಹೋಗುತ್ತಿರುತ್ತದೆ. ಅಕ್‌ತಾಸ್ ದಂಡೆಯ ಹಳ್ಳಿಗೆ ಎಚ್ಚರಿಕೆ ಹೋಗಿದೆ, ಜನ ಏಳುತ್ತಿದ್ದಾರೆ. ಆದರೆ ಹಳ್ಳಿಯವರನ್ನು ಎಲ್ಲಿಗೆ ಸಾಗಿಸುವುದು? ಎತ್ತರದ ಬಯಲೆಂದರೆ ಎಡಕ್ಕೆ, ಇತ್‌ಮುರಿನ್ ಬಾಯಿ ದಾಟಿ. “ಮುಕೆ, ನಿಮ್ಮ ನಕ್ಷೆ ಪ್ರಕಾರ ಆ ಕಡೆಗೆ ಕಳಿಸಬಹುದಲ್ಲ?” ಎಂದು ಕೇಳಿದ. ಯೆರ್ಮೆಕ್ ಅವನಿಗಿಂತ ಕಿರಿಯ. ಅಧಿಕಾರ ತನ್ನದಾದರೂ ಹಿರಿಯನ ಹೆಸರನ್ನು ಪೂರ್ತಿ ಹೇಳದೆ ‘ಮುಕೆ’ ಎಂದೇ ಕರೆಯುತ್ತಿದ್ದ. ಬಾಗಿಲಾಚೆ ಇನ್ನೂ ಕೆಲವರು ಬಂದು ನಿಂತಿದ್ದರು, ನಿನ್ನೆ ನಕ್ಕವರೇ. ಕಮ್ಶತ್ ಹಾಳೆಯನ್ನು ಮೆಲ್ಲಗೆ ಮಡಚಿ ಕೈಯೊಳಗೆ ಇಟ್ಟುಕೊಂಡಳು. ಅವನೇ ಹೇಳಲಿ ಎಂದು ಬಿಟ್ಟಳೋ, ಹೇಳದಿದ್ದರೂ ಸರಿ, ತಾನೇ ಹೇಗೋ ದಾರಿ ಹುಡುಕುತ್ತೇನೆ ಎಂದೋ. ಮುಖಿತ್ ಎದ್ದುನಿಂತ.

“ಕಳಿಸಬೇಡಿ,” ಎಂದ. “ನಂದು ತಪ್ಪು ಲೆಕ್ಕ. ಇವಳದ್ದು ಸರಿ. ನಿನ್ನೇನೂ ಸರಿಯಾಗೇ ಇತ್ತು. ಈಗ್ಲೇ ಇವಳದ್ದನ್ನ ಓಡಿಸೋಣ.”

ಹೇಳಿದ ಮೇಲೆ ಏನೋ ಕುಸಿಯುತ್ತದೆ ಎಂದುಕೊಂಡಿದ್ದ. ಏನೂ ಕುಸಿಯಲಿಲ್ಲ. ಯಾರೂ ಅವನ ಮುಖ ನೋಡುವಷ್ಟು ಪುರುಸೊತ್ತಿನಲ್ಲಿರಲಿಲ್ಲ. ಯೆರ್ಮೆಕ್ ಆಗಲೇ ಫೋನಿನಲ್ಲಿ ಬಸ್ಸುಗಳನ್ನು ಬಲದಂಡೆಯ ಗುಡ್ಡಕ್ಕೆ ತಿರುಗಿಸಲು ಹೇಳುತ್ತಿದ್ದ. ಕಮ್ಶತ್‌ಳ ಮೇಜಿನ ಬಳಿ ಕುರ್ಚಿ ಎಳೆದುಕೊಂಡು ಕೂತಾಗ, ಇಷ್ಟು ತಿಂಗಳಲ್ಲಿ ತಾನು ಒಮ್ಮೆಯೂ ಈ ಮೇಜಿನ ಈ ಬದಿಗೆ ಬಂದಿರಲಿಲ್ಲ ಎಂದು ಅವನಿಗೆ ಹೊಳೆಯಿತು. ಯಂತ್ರದ ಪರದೆಯ ಮೇಲೆ ಕಣಿವೆ ಸರಿಸಮ ತುಂಡುಗಳಾಗಿ ಬಿದ್ದಿತ್ತು. ಗ್ಲೆಬ್ ಕೊಟ್ಟ ಮಟ್ಟವನ್ನು ತುಂಬಿ ಅವಳು ಓಡಿಸಿದಳು. ನಗರದ ಆಚೆ ತುದಿಯಲ್ಲಿ, ಬೀಗ ಹಾಕಿದ ಕೊಠಡಿಗಳ ಕತ್ತಲಲ್ಲಿ, ಮಕ್ಕಳಿಲ್ಲದ ಬೆಂಚುಗಳ ಮೇಲೆ ಯಂತ್ರಗಳು ಒಟ್ಟಿಗೆ ಎಚ್ಚರಗೊಳ್ಳುವುದನ್ನು ಅವನು ಊಹಿಸಿಕೊಂಡ. ಪ್ರತಿಯೊಂದೂ ತನ್ನ ತುಂಡಿನ ನೀರನ್ನು ಒಂದು ಹೆಜ್ಜೆ ಮುಂದಕ್ಕೆ ಸಾಗಿಸಿ, ಅಂಚಿನಲ್ಲಿ ಎಷ್ಟು ನಿಂತಿದೆ ಎಂದು ನೆರೆಯವರಿಗೆ ಹೇಳಿ, ನೆರೆಯವರ ಅಂಚನ್ನು ಕೇಳಿಕೊಂಡು, ಮುಂದಿನ ಹೆಜ್ಜೆ ಇಡಬೇಕು. ಬೇಲಿಯ ಮೇಲಿಂದ ಮಾತಾಡಿಕೊಳ್ಳುವ ನೆರೆಮನೆಯ ಹೆಂಗಸರ ಹಾಗೆ. ಆದರೆ ಒಂದಷ್ಟು ಹೆಜ್ಜೆಗಳಾದ ಮೇಲೆ ಎಲ್ಲವೂ ನಿಧಾನವಾಗತೊಡಗಿತು. ಹೆಚ್ಚಿನ ಯಂತ್ರಗಳು ಕೆಲಸ ಮುಗಿಸಿ ಸುಮ್ಮನೆ ನಿಂತಿದ್ದವು, ಎರಡು ಮೂರು ಮಾತ್ರ ಏದುಸಿರು ಬಿಡುತ್ತಿದ್ದವು. ನಿನ್ನೆಗಿಂತ ಸಣ್ಣ ಚೌಕಗಳನ್ನು ಹಾಕಿದ್ದಕ್ಕೆ ಹೀಗಾಗುತ್ತಿದೆ, ಹಿಂದೆ ಬಿದ್ದವನು ಬರುವವರೆಗೂ ಎಲ್ಲರೂ ಕಾಯಲೇಬೇಕು ಎಂದು ಕಮ್ಶತ್ ಹೇಳಿದಳು. ಅವಳ ದನಿಯಲ್ಲಿ ಮೊದಲ ಬಾರಿಗೆ ಭಯವಿತ್ತು. ಕುಂಟುವ ಒಂಟೆಗಾಗಿ ಇಡೀ ಗುಂಪು ನಿಲ್ಲುತ್ತಿತ್ತೆಂದು ಅಜ್ಜ ಹೇಳುತ್ತಿದ್ದದ್ದು ಮುಖಿತ್‌ಗೆ ನೆನಪಾಯಿತು. ಆಗ ಒಂಟೆಗೆ ಹೊಡೆಯುತ್ತಿರಲಿಲ್ಲ, ಅದರ ಹೊರೆ ಇಳಿಸುತ್ತಿದ್ದರು.

“ತುಂಡುಗಳೆಲ್ಲ ಒಂದೇ ಅಳತೆ ಯಾಕೆ ಮಾಡ್ದೆ ಮಗಳೇ?” ಎಂದ. ‘ಮಗಳೇ’ ಎಂದದ್ದು ಅವನಿಗೇ ಆಮೇಲೆ ತಿಳಿಯಿತು. “ನೀರಿರೋ ಕಡೆ ಚಿಕ್ಕ ತುಂಡು ಮಾಡು, ಒಣ ಗುಡ್ಡಗಳನ್ನೆಲ್ಲ ಸೇರಿಸಿ ಒಬ್ಬನಿಗೇ ಕೊಟ್ಬಿಡು. ಅವನಿಗೇನು ಕೆಲಸ ಇರುತ್ತೆ.”

“ನೀರು ಎಲ್ಲೆಲ್ಲಿ ಕಟ್ಟಿಕೊಳ್ಳುತ್ತೆ ಅಂತ ಮೊದಲೇ ಗೊತ್ತಿರಬೇಕಲ್ಲ ಅಗಾಯ್.”

“ನಂಗೆ ಗೊತ್ತು.”

ಅದು ಜಂಬದ ಮಾತಾಗಿರಲಿಲ್ಲ. ಅವಳ ಮೇಜಿನ ಮೇಲಿದ್ದ ಕಾಗದದ ನಕ್ಷೆಯ ಮೇಲೆ ಅವನ ಬೆರಳು ತಾನಾಗಿ ಚಲಿಸಿತು. ಇಲ್ಲಿ ಬಂಡೆಗಳ ನಡುವೆ ಕಟ್ಟುತ್ತದೆ, ಇಲ್ಲಿ ಎರಡು ತಿರುವಿನ ಮಧ್ಯೆ ನಿಂತು ಮತ್ತೆ ನುಗ್ಗುತ್ತದೆ, ಇದು ತಡಿ, ಇದನ್ನು ಎಷ್ಟು ಚಿಕ್ಕದಾಗಿ ಕತ್ತರಿಸಿದರೂ ಸಾಲದು. ಈ ಬೆಟ್ಟಗಳಲ್ಲಿ ಹರೆಯವಿಡೀ ನಡೆದ ಕಾಲುಗಳಿದ್ದವು ಅವನಿಗೆ, ಇಲ್ಲಿಯವರೆಗೆ ಅವು ಈ ಕೆಲಸಕ್ಕೆ ಬಂದಾವೆಂದು ಅವನು ಎಣಿಸಿರಲಿಲ್ಲ. ಕಮ್ಶತ್ ಅವನ ಬೆರಳು ಹೋದಂತೆ ಕತ್ತರಿಸುತ್ತ ಹೋದಳು. ಮತ್ತೆ ಓಡಿಸಿದಾಗ ಯಾರೂ ಯಾರಿಗೂ ಕಾಯಬೇಕಾಗಲಿಲ್ಲ. ಪರದೆಯ ಮೇಲೆ ಪ್ರವಾಹ ನೋಡನೋಡುತ್ತಿದ್ದಂತೆ ಬೆಟ್ಟ ಇಳಿಯಿತು. ಒಮ್ಮೆಯಲ್ಲ. ಕಟ್ಟೆ ಮೇಲಿನಿಂದ ಒಡೆದರೆ, ಬುಡದಿಂದ ಒಡೆದರೆ, ನಿಧಾನಕ್ಕೆ ಕರಗಿದರೆ, ಒಮ್ಮೆಲೇ ಕುಸಿದರೆ ಎಂದು ಒಂದರ ಹಿಂದೊಂದು ಓಡಿಸಿದರು. ಹಿಂದೆ ಒಂದು ದಿನಕ್ಕೆ ಒಂದೇ ಪ್ರಶ್ನೆ ಕೇಳಲು ಸಾಧ್ಯವಿದ್ದವನಿಗೆ ಒಂದು ಮಧ್ಯಾಹ್ನದಲ್ಲಿ ಇಷ್ಟು ಕೇಳಬಹುದೆಂಬುದೇ ಅಮಲಿನಂತಿತ್ತು. ಹೆಚ್ಚಿನ ಉತ್ತರಗಳಲ್ಲಿ ಕೆಸರು ಅಕ್‌ತಾಸ್‌ನಲ್ಲೇ ಇಳಿಯಿತು. ಕೆಲವದರಲ್ಲಿ ಮಾತ್ರ ತಡಿಯ ಮೇಲೆ ಒಂದು ನೂಲಿನಂಥ ತೆಳ್ಳನೆಯ ನೀರು ಮೂಡಿ, ಹಿಂಜರಿದು, ದಪ್ಪವಾಗಿ, ಎಡಕ್ಕೆ ಬಿತ್ತು. ಅದರ ದಾರಿಯಲ್ಲಿ ಅಕ್ಕನ ಮನೆಯ ಚೌಕ ತುಂಬಿ ಕಪ್ಪಾಯಿತು. ಯೆರ್ಮೆಕ್ ನೋಡಿದವನೇ ಕೊರಕಲಿನವರನ್ನೂ ಏಳಿಸಲು ಆಳು ಕಳಿಸಿದ. ಮುಖಿತ್ ಕಿಟಕಿಯ ಬಳಿ ಹೋಗಿ ಫೋನು ತೆಗೆದ.

ಕುಲ್ಯಾಶ್ ಬಹಳ ಹೊತ್ತಿಗೆ ಎತ್ತಿದಳು. ಒಲೆಯಲ್ಲಿ ರೊಟ್ಟಿ ಇಟ್ಟಿದ್ದೇನೆ, ಬೇಗ ಹೇಳು ಎಂದಳು. ಅವನು ಹೇಳಿದ. ಆ ಕಡೆ ಕೋಳಿಗಳ ಸದ್ದು ಕೇಳುತ್ತಿತ್ತು.

“ಒಂದು ಲೋಟ ನೀರೂ ಬರಲ್ಲ ಅಂದೋನು ನೀನೇ ಅಲ್ವೇನೋ?”

“ನಾನೇ ಅಕ್ಕ.”

“ಆವಾಗ ಸುಳ್ಳು ಹೇಳಿದ್ಯಾ?”

“ಸುಳ್ಳಲ್ಲ. ಆವಾಗ ನಂಗೆ ಅಷ್ಟೇ ಕಾಣಿಸ್ತಿತ್ತು.”

“ಈಗ ಪೂರ್ತಿ ಕಾಣಿಸುತ್ತಾ?”

ಹೌದು ಎಂದರೆ ಅವಳು ಕೂಡಲೇ ಹೊರಡುತ್ತಿದ್ದಳು. ಆದರೆ ಇನ್ನೊಮ್ಮೆ ಅವಳಿಗೆ ಹಾಗೆ ಖಚಿತವಾಗಿ ಹೇಳಲು ಅವನ ನಾಲಿಗೆ ಏಳಲಿಲ್ಲ. “ಪೂರ್ತಿ ಇಲ್ಲ. ಹತ್ತು ಥರ ಲೆಕ್ಕ ಹಾಕಿದ್ರೆ, ಮೂರರಲ್ಲಿ ನಿನ್ನ ಅಂಗಳಕ್ಕೆ ಬರುತ್ತೆ. ಏಳರಲ್ಲಿ ಬರಲ್ಲ. ಏಳು ಆದ್ರೆ ನೀನು ಜೀವ ಇರೋವರೆಗೂ ನಂಗೆ ಬಯ್ಯಬಹುದು.”

“ಬಯ್ಯೋಕೆ ನಾನು ಇರ್ಬೇಕಲ್ಲ,” ಎಂದಳು. ಒಲೆಯ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. “ಕೋಳಿ ಗೂಡು ತೆಗೆದು ಬಿಡ್ತೀನಿ. ಪಕ್ಕದ ಮುದುಕನ್ನ ನಾನೇ ಎಬ್ಬಿಸ್ಕೊಂಡು ಹೋಗ್ತೀನಿ, ಅವನು ಬೇರೆ ಯಾರ ಮಾತೂ ಕೇಳಲ್ಲ.”

ಬಿಸಿಲು ಇನ್ನೂ ಉರಿಯುತ್ತಿರುವಾಗಲೇ ಗ್ಲೆಬ್‌ನ ದನಿ ಬಂತು. ಅವನು ಕೂಗಲಿಲ್ಲ, ಕಟ್ಟೆ ಹೋಯ್ತು ಎಂದಷ್ಟೇ ಹೇಳಿದ. ರೇಡಿಯೊ ಕೊಠಡಿಯಲ್ಲಿ ಯಾರೂ ಕೂರಲಿಲ್ಲ. ಬೆಟ್ಟ ನಗರದಿಂದ ದೂರ. ಏನೂ ಕೇಳುವುದಿಲ್ಲವೆಂದು ಗೊತ್ತಿದ್ದರೂ ಮುಖಿತ್ ಕಿಟಕಿಗೆ ಕಿವಿಗೊಟ್ಟು ನಿಂತಿದ್ದ. ಕೆಳಗೆ ಬೀದಿಯಲ್ಲಿ ಕಲ್ಲಂಗಡಿ ಮಾರುವವನು ಹಣ್ಣನ್ನು ತಟ್ಟಿ ತಟ್ಟಿ ಗಿರಾಕಿಗೆ ಸದ್ದು ಕೇಳಿಸುತ್ತಿದ್ದ. ಅವನು ಈ ಕೊಠಡಿಯಲ್ಲಿ ಇಂಥ ಹೊತ್ತುಗಳನ್ನು ಹಿಂದೆಯೂ ಕಳೆದಿದ್ದ, ಸಂಜೆಯ ಉತ್ತರಕ್ಕಾಗಿ ಕಾಯುತ್ತ. ಪ್ರವಾಹ ಬಂದುಹೋದ ಮೇಲೆ ಯಂತ್ರ ಅದೇ ಪ್ರವಾಹವನ್ನು ಹೆಮ್ಮೆಯಿಂದ ಬಿಡಿಸಿ ತೋರಿಸಿದ್ದೂ ಉಂಟು. ಇವತ್ತು ಉತ್ತರ ಮೊದಲು ಬಂದಿತ್ತು, ನೀರು ಆಮೇಲೆ ಬರುತ್ತಿತ್ತು. ಬದುಕಿನಲ್ಲಿ ಒಂದೇ ಒಂದು ಸಲ ಈ ಕ್ರಮ ಸರಿಯಾಗಲು ಎಷ್ಟು ಜನ ಬೇಕಾದರು ಎಂದು ಯೋಚಿಸಿದ: ಬೀಗದ ಕೈ ಕೊಟ್ಟ ಕಾಲೇಜಿನ ಮೇಲ್ವಿಚಾರಕ, ಗುಡಿಸಲಲ್ಲಿ ನೀರಿನ ಬಣ್ಣ ನೋಡುತ್ತ ಕೂತ ಗ್ಲೆಬ್, ಮರುಮಾತಾಡದೆ ತಿರುಗಿದ ಬಸ್ಸುಗಳ ಚಾಲಕರು. ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಒಬ್ಬೊಬ್ಬರಿಗೂ ಅವರವರ ತುಂಡು, ಅಂಚಿನಲ್ಲಿ ನೆರೆಯವರ ಒಂದು ಮಾತು. ಪಕ್ಕದಲ್ಲಿ ಕಮ್ಶತ್ ಉಗುರು ಕಚ್ಚುತ್ತಿದ್ದಳು. ಅವಳಿಗೆ ಏನಾದರೂ ಹೇಳಬೇಕೆಂದು ಅವನು ಬಾಯಿ ತೆರೆದ, ಅಷ್ಟರಲ್ಲಿ ರೇಡಿಯೊ ಮತ್ತೆ ಕರಕರ ಎಂದಿತು, ಈ ಸಲ ಹಳ್ಳಿಯ ಗುಡ್ಡದಿಂದ. ಪ್ರವಾಹ ತಿರುವಿನಲ್ಲಿ ಕಟ್ಟಿಕೊಂಡು ಉಕ್ಕಿತ್ತು. ತಡಿ ದಾಟಿತ್ತು. ಇತ್‌ಮುರಿನ್ ಕೊರಕಲಿನಲ್ಲಿ ಈಗ ಕಿಟಕಿಗಳವರೆಗೆ ಕೆಸರು. ಮನೆಗಳು ನಿಂತಿವೆ, ಗುಡಾರ ಹೋಗಿದೆ, ಕೋಳಿಗೂಡುಗಳು ಹೋಗಿವೆ. ಜನ? ಜನ ಇರಲಿಲ್ಲ. ಎಲ್ಲರೂ ಬಲದಂಡೆಯ ಮೇಲಿದ್ದಾರೆ. ಎಣಿಸಿದ್ದೇವೆ, ಮತ್ತೊಮ್ಮೆ ಎಣಿಸಿದ್ದೇವೆ. ಕಮ್ಶತ್ ಗೋಡೆಗೆ ಒರಗಿ ಹಾಗೆಯೇ ನೆಲಕ್ಕೆ ಕುಸಿದು ಕೂತಳು. ಮುಖಿತ್ ಕೈಚಾಚಿದಾಗ ಅದನ್ನು ಹಿಡಿದು ಎದ್ದಳು. ಅವಳ ಕೈ ತಣ್ಣಗಿತ್ತು.

ಬೇಸಿಗೆಯ ಉದ್ದನೆಯ ಸಂಜೆ ಇನ್ನೂ ಬೆಳಕಾಗಿರುವಾಗ ಅವನು ಕಚೇರಿಯ ಜೀಪಿನಲ್ಲಿ ಹಳ್ಳಿಯ ಗುಡ್ಡದ ಶಾಲೆಗೆ ಹೋದ. ಕಮ್ಶತ್ ಬರಲಿಲ್ಲ, ಎರಡನೆಯ ಅಲೆ ಬಂದೀತೇ ಎಂದು ಯಂತ್ರಗಳನ್ನು ಓಡಿಸುತ್ತ ಉಳಿದಳು. ಶಾಲೆಯ ಆಟದ ಕೋಣೆಯಲ್ಲಿ ಜನ ಚಾಪೆಗಳ ಮೇಲೆ, ಗಂಟುಮೂಟೆಗಳ ಮೇಲೆ ಕೂತಿದ್ದರು. ಕುಲ್ಯಾಶ್ ಒಂದು ಮೂಲೆಯಲ್ಲಿ, ಜೊತೆಗೆ ತಂದಿದ್ದ ಮುದುಕನಿಗೆ ರೊಟ್ಟಿ ಮುರಿದು ಕೊಡುತ್ತಿದ್ದಳು. ತಮ್ಮನನ್ನು ನೋಡಿ ಎದ್ದಳು, ಹತ್ತಿರ ಬಂದು ಅವನ ಅಂಗಿಯ ಕಾಲರನ್ನು ಸರಿಮಾಡಿದಳು, ಚಿಕ್ಕಂದಿನಲ್ಲಿ ಶಾಲೆಗೆ ಕಳಿಸುವಾಗ ಮಾಡುತ್ತಿದ್ದಂತೆ. ಅವನು ಮನೆಯ ಬಗ್ಗೆ, ಗಿಡಗಳ ಬಗ್ಗೆ ಏನೋ ಹೇಳಹೊರಟ. ಇಷ್ಟು ವರ್ಷ ಅವಳನ್ನು ನೀರಿನ ದಾರಿಯಲ್ಲೇ ಮಲಗಿಸಿದೆನಲ್ಲ ಎಂದು ಹೇಳಬೇಕಿತ್ತು. ಅವಳು ಕೇಳಿಸಿಕೊಳ್ಳಲಿಲ್ಲ. ಕೆಸರು ಎತ್ತಿ ಹಾಕಿದರೆ ಹೋಗುತ್ತೆ ಎಂದಳು. ಆಮೇಲೆ, ಹತ್ತರಲ್ಲಿ ಮೂರು ಸಲ ಬರುತ್ತೆ ಅಂತ ಕಂಡುಹಿಡಿದವರು ಯಾರು, ನೀನಾ ಎಂದು ಕೇಳಿದಳು.

“ನಾನಲ್ಲ. ಅರಾಲ್ ಕಡೆ ಹುಡುಗಿ ಒಬ್ಬಳಿದಾಳೆ ಆಫೀಸಲ್ಲಿ. ಅವಳು.”

“ಫೋನ್ ಹಚ್ಚು.”

ಅವನು ಹಚ್ಚಿದ. ಕಮ್ಶತ್‌ಳ ಗಾಬರಿಯ ದನಿ, ಏನಾಯ್ತು ಅಗಾಯ್ ಎಂದು. ಏನೂ ಆಗಿಲ್ಲ, ನಮ್ಮಕ್ಕ ಮಾತಾಡ್ತಾಳಂತೆ ಎಂದ. ಕುಲ್ಯಾಶ್ ಫೋನನ್ನು ಕೈಗೆ ತೆಗೆದುಕೊಳ್ಳಲಿಲ್ಲ. ತಲೆಯ ವಸ್ತ್ರವನ್ನು ಸರಿಮಾಡಿಕೊಂಡು, ನೆಟ್ಟಗೆ ನಿಂತು, ಎರಡೂ ಅಂಗೈಗಳನ್ನು ಎದೆಯ ಮುಂದೆ ಬಿಚ್ಚಿ ಹಿಡಿದಳು. ಹರಸುವಾಗ ಹಿರಿಯರು ಹಿಡಿಯುವಂತೆ. ಆ ಹುಡುಗಿಗೆ ಅದು ಕಾಣುವುದಿಲ್ಲ ಎಂದು ಅವಳಿಗೆ ಹೊಳೆದಂತೆಯೂ ಇರಲಿಲ್ಲ. ಅವನು ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದ.

“ಮಗಳೇ, ನಿನ್ನ ಮುಖ ನೋಡಿಲ್ಲ ನಾನು,” ಎಂದು ಶುರುಮಾಡಿದಳು. “ನೀನು ನಡೆದ ಕಡೆ ನೆಲ ಗಟ್ಟಿಯಾಗಿರ್ಲಿ. ನಿನ್ನ ಊರಿಗೆ ನೀರು ತಿರುಗಿ ಬರ್ಲಿ, ಕೆಡವೋ ನೀರಲ್ಲ, ಕುಡಿಯೋ ನೀರು. ನಿನ್ನ ತಾಯಿ ನಿನ್ನ ಹೆಸರು ಹೇಳೋವಾಗೆಲ್ಲ ನಗಲಿ. ಇಲ್ಲಿ ರೊಟ್ಟಿ ತಿಂತಿರೋ ಇಷ್ಟು ಜನರ ಪಾಲಿನ ಒಳ್ಳೇದು ನಿಂಗಿರ್ಲಿ.”

ಅವಳ ದನಿ ದೊಡ್ಡದಿತ್ತು. ಹತ್ತಿರದ ಚಾಪೆಗಳಲ್ಲಿ ಮಾತು ನಿಂತಿತು. ಯಾರಿಗೆ, ಯಾತಕ್ಕೆ ಎಂದು ತಿಳಿಯದೆಯೇ ಮೊದಲು ಮುದುಕ ರೊಟ್ಟಿಯನ್ನು ಮಡಿಲಲ್ಲಿಟ್ಟು ಅಂಗೈ ಬಿಚ್ಚಿದ. ಆಮೇಲೆ ಅವನ ಆಚೆಯವರು, ಅವರ ಆಚೆಯ ಹೆಂಗಸರು, ಮಕ್ಕಳು, ಬಾಗಿಲಲ್ಲಿ ಬಿಡುವಿಗೆ ನಿಂತಿದ್ದ ಬಸ್ಸಿನ ಚಾಲಕರು. ಕೋಣೆಯ ತುಂಬ ಕೈಗಳು ಬಿಚ್ಚಿಕೊಂಡವು. ಫೋನಿನ ಆ ಕಡೆಯಿಂದ ಕಮ್ಶತ್ ಅಳುವ ಸದ್ದು ಸಣ್ಣಗೆ ಬಂತು. ಮುಖಿತ್‌ನ ಒಂದು ಕೈಯಲ್ಲಿ ಫೋನಿತ್ತು. ಇನ್ನೊಂದನ್ನು ಅವನು ಬಿಚ್ಚಿದ. ಎಲ್ಲರೂ ಆಮೀನ್ ಎಂದು ಅಂಗೈಗಳನ್ನು ಮುಖಕ್ಕೆ ಸವರಿಕೊಂಡಾಗ, ಅವನೂ ಆ ಒಂದೇ ಕೈಯನ್ನು ಹಣೆಯಿಂದ ಗಲ್ಲದವರೆಗೆ ನಿಧಾನವಾಗಿ ಇಳಿಸಿಕೊಂಡ.